ಪಾಚಿಯ ಪಾಲು

ಮೇ ತಿಂಗಳ ಮೊದಲ ಬಿಸಿಲಿಗೇ
ನಮ್ಮ ಹಿತ್ತಲ ಕೊಳ
ಕೊತ್ತಂಬರಿ ಚಟ್ನಿ ರುಬ್ಬಿ ತೊಳೆದ ಒರಳ ನೀರಾಯಿತು.

ಕೆಟರಿಂಗ್‌ನಲ್ಲಿ ಇಟ್ಟಿಗೆ ಮನೆಗಳ ಸಾಲು, ನಮ್ಮದು ಕೊನೆಯದು.
ಹಿಂದಿನವರು ಬಿಟ್ಟುಹೋದದ್ದು
ಒಂದು ಏಣಿ, ಎರಡು ಕುರ್ಚಿ, ಮತ್ತೆ
ಜೋಡಿಮಂಚದಷ್ಟಗಲದ ಈ ಕೊಳ,
ಅದರಲ್ಲಿ ಹೆಸರಿಲ್ಲದ ಐದು ಕೆಂಪು ಮೀನು.
ಈಗ ಮೀನೂ ಇಲ್ಲ, ತಳವೂ ಇಲ್ಲ.
ಕಡ್ಡಿ ಹಾಕಿ ತಿರುವಿದರೆ
ಹಾವಸೆ ಸುತ್ತಿಕೊಂಡು ಮೇಲೆದ್ದು ಬರುತ್ತದೆ,
ವಾರದಿಂದ ಬಾಚದ ಜಡೆ.

ವಾಮನ ಅಂಗಡಿಯಿಂದ ಬಾಟಲಿ ತಂದ.
ನೀಲಿ ಔಷಧಿ. ಒಂದು ಮುಚ್ಚಳ ಸುರಿದು
ಇಪ್ಪತ್ತನಾಲ್ಕು ಗಂಟೆ ಕಾಯಿರಿ ಎಂದು ಬರೆದಿತ್ತು.
ಬೇಲಿಯಾಚೆಯಿಂದ ಗ್ಲೆನಿಸ್ ಕೂಗಿದಳು:
'ಮುಚ್ಚಿಡು ಅದನ್ನ.'

ಗ್ಲೆನಿಸ್‌ಗೆ ಎಪ್ಪತ್ತೊಂಬತ್ತು.
ಮೂವತ್ತು ವರ್ಷ ಬೂಟು ಫ್ಯಾಕ್ಟರಿಯಲ್ಲಿ
ಚರ್ಮಕ್ಕೆ ಚರ್ಮ ಹೊಲಿದ ಬೆರಳು
ಈಗ ಮುಷ್ಟಿಗೆ ಮಡಚುವುದಿಲ್ಲ.
'ಕೊಂದರೆ ಸತ್ತದ್ದು ಕೊಳೆಯುತ್ತೆ,
ಕೊಳೆತದ್ದು ಮುಂದಿನ ಪಾಚಿಗೆ ಊಟ.
ಕೊಲ್ಲಬೇಡ. ಅದರ ತಟ್ಟೆಗೆ ಕೈಹಾಕೋ
ನಾಲ್ಕು ಜನರನ್ನ ಕರೆ.'
ಅವಳು ಅಂದದ್ದು ಇಂಗ್ಲಿಷಿನಲ್ಲಿ, ಸಿಡುಕಿನಲ್ಲಿ.
ನನ್ನ ಕಿವಿಗೆ ಬಂದದ್ದು ಹೀಗೆ.

ಬಂದರು ನಾಲ್ಕು ಜನ, ಅವಳ ಬಕೆಟ್ಟಿನಲ್ಲಿ, ಬೇಲಿ ದಾಟಿ.
ಹಾರ್ನ್‌ವರ್ಟ್, ಬೇರಿಲ್ಲದವಳು,
ಎಸೆದಲ್ಲಿ ಮುಳುಗಿ ಮೈಯೆಲ್ಲ ಬಾಯಾಗಿ ಕುಡಿಯುವವಳು.
ವಾಟರ್‌ಕ್ರೆಸ್, ಅಂಚಿನ ಜಲ್ಲಿಯಲ್ಲಿ ಕಾಲು ಚಾಚಿ.
ನೀರುಪುದೀನ, ಮುಟ್ಟಿದ ಕೈಗೆ ದಿನವಿಡೀ ವಾಸನೆ.
ಕೊನೆಗೆ ಬುಟ್ಟಿಯಲ್ಲೊಂದು ನೈದಿಲೆ,
ಬುಡಕ್ಕೆ ಎರಡು ಇಟ್ಟಿಗೆ ಇಡು,
ಎಲೆ ಮೇಲೇರಿದ ಹಾಗೆ ಒಂದೊಂದೇ ತೆಗಿ
ಎಂಬ ಆಜ್ಞೆ ಸಮೇತ.

ಅರ್ಧಕ್ಕಿಂತ ಹೆಚ್ಚು ನೀರಿಗೆ ನೆರಳು ಬೇಕು.
ನಲ್ಲಿ ನೀರು ಬೇಡ, ಮಳೆ ಪೀಪಾಯಿಯದ್ದು ಹಾಕು.
ಎಳೆದ ಹಾವಸೆಯನ್ನ ದಂಡೆಯಲ್ಲೇ ಒಂದು ರಾತ್ರಿ ಬಿಡು,
ಒಳಗೆ ಸಿಕ್ಕವರು ಮನೆಗೆ ಹೋಗಲಿ.
ಆಮೇಲೆ ಕನ್ನಡಕ ಏರಿಸಿ,
'ಮೀನಿಗೆ ಎಷ್ಟು ಹಾಕ್ತೀರಿ?'
ದಿನಕ್ಕೊಂದು ಚಿಟಿಕೆ, ಅಂದೆ.
ವಾಮನ ಬೂಟಿನ ಲೇಸು ಕಟ್ಟುತ್ತಿದ್ದ,
ತುಂಬ ಹೊತ್ತು.

ಜೂನ್ ಪೂರ್ತಿ ಏನೂ ಆಗಲಿಲ್ಲ.
ಕೈ ಕೆಸರಾಯಿತು; ಮೊಸರಿನ ಸುಳಿವಿಲ್ಲ.
ಬಾಟಲಿ ಶೆಡ್ಡಿನ ಕಿಟಕಿಯಲ್ಲಿ ಕೂತು
ನನ್ನನ್ನೇ ನೋಡುತ್ತಿತ್ತು.
ಒಂದು ರಾತ್ರಿ ತಡೆಯಲಾರದೆ ಟಾರ್ಚ್ ಹಿಡಿದು ಹೊರಟೆ.
ದಂಡೆಯ ಹಾವಸೆ ಗುಡ್ಡೆಯಿಂದ
ಜೀರುಂಡೆಯಂಥದೊಂದು, ಬಾಲವಿದ್ದದ್ದು ಎರಡು,
ಪಾಳಿ ಮುಗಿಸಿದವರ ಹಾಗೆ, ಅವಸರವಿಲ್ಲದೆ,
ನೀರಿನ ಕಡೆಗೆ.
ಶೆಡ್ಡಿನ ಬೀಗ ತೆಗೆಯದೆ ವಾಪಸು ಬಂದೆ.

ಜುಲೈ ಹದಿನೇಳು, ಗುರುವಾರ. ನೈದಿಲೆಗೆ ಎಂಟನೇ ಎಲೆ.
ಪಾಚಿ ಸೋತಿತು ಎನ್ನಲಾರೆ,
ಹಸಿದು ಹಿಂದೆ ಸರಿಯಿತು.
ಮೊದಲು ಕಂಡದ್ದು ಇಟ್ಟಿಗೆಯ ಅಂಚು.
ಆಮೇಲೆ ಮೀನು: ಒಂದು, ಮೂರು, ಅಬ್ಬಾ, ಐದೂ.
ಆಮೇಲೆ ತಳದಲ್ಲಿ ಥಳಕ್ಕೆಂದ
ಸ್ಟೀಲಿನ ಚಮಚ, ಬಡಿಸುವಷ್ಟು ದೊಡ್ಡದು,
ಹಿಡಿಯ ಮೇಲೆ ಪಾತ್ರೆ ಅಂಗಡಿಯವನು
ಚುಕ್ಕಿ ಚುಕ್ಕಿಯಾಗಿ ಕೊರೆದ ಅತ್ತೆಯ ಹೆಸರು, ಭಾಗೀರಥಿ.

ಹೋದ ವರ್ಷ ಕಳೆದದ್ದು.
ಅಡುಗೆಮನೆಯೆಲ್ಲ ತಡಕಿದ್ದೆ, ಕಸದ ಡಬ್ಬಿಯನ್ನೂ.
ವಾಮನನೂ ಜೊತೆಗೆ ಹುಡುಕಿದ್ದ, ಮಂಚದ ಕೆಳಗೆ!

ಚಹಾ ಲೋಟ ಹಿಡಿದು ಪಕ್ಕಕ್ಕೆ ಬಂದು ನಿಂತ.
ಇಬ್ಬರೂ ಬಗ್ಗಿ ನೋಡಿದೆವು.
ನೀರು ಅಷ್ಟು ತಿಳಿಯಾಗಬಾರದಿತ್ತು.
'ಚಿಟಿಕೆ,' ಅಂದೆ.
'ಅವು ಹಸಿದ ಹಾಗೆ ಕಾಣುತ್ತಿದ್ದವು,' ಅಂದ.

ಚಮಚ ತೆಗೆಯಲಿಲ್ಲ.
ಗುಳಿಯಲ್ಲಿ ಬಸವನಹುಳು ಒಂದು ಮನೆ ಮಾಡಿದೆ.
'ಗೀ' ಅಕ್ಷರದ ಮೇಲೆ ಒಂದೆಳೆ ಹಸಿರು.
ಇರಲಿ,
ಅಷ್ಟು ಅದರ ಪಾಲು.